ಹತ್ತು ಗಂಟೆಯ ನಂತರದ ಪಾಠ

ಜನವರಿ ೨೮, ಮಧ್ಯಾಹ್ನ

ಅಕ್ಕನಿಗೆ, ನಿನ್ನ ತಂಗಿಯ ಪ್ರೀತಿಯ ನೆನಪುಗಳು.

ಮೊನ್ನೆ ಫೋನಿನಲ್ಲಿ ನೀನು ಪಾಠ ಹೇಗೆ ನಡೆದಿದೆ ಎಂದು ಕೇಳಿದಾಗ ಚೆನ್ನಾಗಿ ನಡೆದಿದೆ ಎಂದೆ. ಅದು ಸುಳ್ಳು. ಇವರು ಪಕ್ಕದಲ್ಲೇ ಕೂತು ಶೂ ಪಾಲಿಶ್ ಮಾಡುತ್ತಿದ್ದರು, ಇನ್ನೇನು ಹೇಳಲಿ? ಈಗ ಇವರು ಡಿಪೋಗೆ ಹೋಗಿದ್ದಾರೆ. ಮಗಳು ಎದುರಿಗೇ ಕೂತು ಚಿತ್ರ ಬರೆಯುತ್ತಿದ್ದಾಳೆ. ಎರಡು ಸಾಲಿಗೊಮ್ಮೆ ತಲೆಯೆತ್ತಿ, ಇದ್ದಾಳೆ ಎಂದು ನೋಡಿಕೊಂಡು ಮುಂದೆ ಬರೆಯುತ್ತಿದ್ದೇನೆ.

ನೀನು ಬರೆದುಕೊಟ್ಟ ವೇಳಾಪಟ್ಟಿಯನ್ನು ಹರಿದು ಹಾಕಿದೆ. ಬೇಜಾರು ಮಾಡಿಕೊಳ್ಳಬೇಡ. ಇಪ್ಪತ್ತು ವರ್ಷ ಟೀಚರ್ ಆಗಿ ಸವೆದವಳು ನೀನು, ಪಟ್ಟಿಯಲ್ಲಿ ತಪ್ಪಿರಲಿಲ್ಲ. ಬೇಸಿಗೆಯಲ್ಲಿ ಎಲ್ಲ ಸಲೀಸಾಗಿ ನಡೆಯಿತು. ಈ ಉತ್ತರದ ಬೆಟ್ಟದೂರಿನಲ್ಲಿ ಡಿಸೆಂಬರ್ ಬಂದಮೇಲೆ ಮಂಜು ಕವಿದು ಬೆಳಿಗ್ಗೆ ಎಂಟಕ್ಕೂ ಕತ್ತಲೆ. ಅಡುಗೆಮನೆಯ ಮೇಜಿನ ಮುಂದೆ ಟ್ಯೂಬ್‌ಲೈಟ್ ಹಾಕಿಕೊಂಡು, ಇಬ್ಬರೂ ಶಾಲು ಹೊದ್ದು ಭಿನ್ನರಾಶಿ ಮಾಡುತ್ತಿದ್ದೆವು. ನಮ್ಮ ಮಾತಿನಮಲ್ಲಿ ದಿನದಿಂದ ದಿನಕ್ಕೆ ಮಾತು ಬಿಟ್ಟಳು. ಒಂದೇ ಲೆಕ್ಕವನ್ನು ಹಾಳೆ ತೂತಾಗುವವರೆಗೆ ಅಳಿಸುವಳು, ತಟ್ಟೆಯ ಮುಂದೆ ತೂಕಡಿಸುವಳು. ಒಂಬತ್ತು ವರ್ಷದ ಮಗು ಅಕ್ಕ, ಮುದುಕಿಯ ಹಾಗೆ ನಿಟ್ಟುಸಿರು ಬಿಡುತ್ತಿತ್ತು.

ಕಾಣುತ್ತಿರಲಿಲ್ಲ ಎಂದಲ್ಲ. ಆದರೆ ನನ್ನ ತಲೆಯಲ್ಲಿ ಇದ್ದದ್ದು ಮಾರ್ಚ್ ಒಂದೇ. ಮನೆಯಲ್ಲಿ ಓದುವ ಮಕ್ಕಳಿಗೆ ಶಿಕ್ಷಣ ಕಚೇರಿಯವರು ಪರೀಕ್ಷೆ ಇಡುತ್ತಾರಲ್ಲ, ಅದರಲ್ಲಿ ಹಿಂದೆ ಬಿದ್ದರೆ ಮತ್ತೆ ಶಾಲೆ. ಆ ಗೇಟು ಕಂಡರೇ ವಾಂತಿ ಮಾಡಿಕೊಳ್ಳುತ್ತಿದ್ದವಳನ್ನು ಮತ್ತೆ ಅಲ್ಲಿಗೆ ಹೇಗೆ ಕಳಿಸಲಿ? ಆ ಹೆದರಿಕೆಗೆ ಅರ್ಧ ಗಂಟೆಯ ಪಾಠವನ್ನು ಒಂದು ಗಂಟೆ ಮಾಡಿದೆ. ಭಾನುವಾರವನ್ನೂ ಬಿಡಲಿಲ್ಲ.

ಈ ತಿಂಗಳ ಏಳನೇ ತಾರೀಖು, ಮಂಗಳವಾರ. ಮುಕ್ಕಾಲು ಅಂದರೇನು ಎಂದು ಆರನೇ ಸಲ ಕೇಳಿದೆ. ಅವಳು ಗೋಡೆ ನೋಡಿದಳು. ಪುಸ್ತಕವನ್ನು ಮೇಜಿಗೆ ಬಡಿದು, ನಿನ್ನಿಂದ ನನಗೆ ಸಾಕಾಗಿ ಹೋಗಿದೆ ಎಂದೆ. ಆಮೇಲೆ ಮೇಜಿನ ಮೇಲೆ ತಲೆಯಿಟ್ಟು ಅತ್ತೆ, ಹಾಗೇ ನಿದ್ದೆ ಹತ್ತಿತು. ಎದ್ದಾಗ ಕಾಲಿಗೆ ತಣ್ಣನೆ ಗಾಳಿ ಬಡಿಯುತ್ತಿತ್ತು. ಮುಂಬಾಗಿಲು ತೆರೆದಿತ್ತು. ಅವಳ ಕೋಟು ಮೊಳೆಯಲ್ಲೇ ಇತ್ತು, ಬೂಟು ಇರಲಿಲ್ಲ.

ಹೊರಗೆ ಎದುರು ಮನೆ ಕಾಣದಷ್ಟು ಮಂಜು. ಮನೆಯ ಚಪ್ಪಲಿಯಲ್ಲೇ ಓಡಿದೆ. ಲಾಂಡ್ರಿಯವನು ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದು, "ಹಳದಿ ಸ್ವೆಟರ್ ತಾನೇ? ಕೆರೆ ಕಡೆ ಹೋಯ್ತಲ್ಲ ಮೇಡಂ. ನೀವು ಹಿಂದೆ ಬರ್ತಿದ್ದೀರೇನೋ ಅಂದ್ಕೊಂಡೆ" ಎಂದ.

ಕೆರೆಯ ಅಂಚಿನಲ್ಲಿ ನೀರು ಗಾಜಿನ ಹಾಗೆ ಹೆಪ್ಪುಗಟ್ಟಿತ್ತು, ನಡುವೆ ಕಪ್ಪಗೆ ಬಾಯಿಬಿಟ್ಟುಕೊಂಡಿತ್ತು. ಬೆಳ್ಳಗಾದ ಹುಲ್ಲಿನ ಮೇಲೆ ಚಿಕ್ಕ ಹೆಜ್ಜೆಗಳು ನೀರಿನವರೆಗೂ ಹೋಗಿದ್ದವು. ಮಂಡಿಯೂರಿ ಆ ಮಂಜುಗಡ್ಡೆಯನ್ನು ಬರಿಗೈಯಿಂದ ಒಡೆಯತೊಡಗಿದೆ. ಅಂಗೈ ಕುಯ್ದುಕೊಂಡದ್ದು ಗೊತ್ತೇ ಆಗಲಿಲ್ಲ. ಡಬ್ಬಿಯ ಮುಚ್ಚಳ ತಗುಲಿತು ಎಂದು ಇವರಿಗೆ ಹೇಳಿದ್ದೇನೆ.

ಆಗ ಏರಿಯ ಮೇಲಿನ ಪಂಪ್‌ಹೌಸಿನಿಂದ ಹೆಂಗಸೊಬ್ಬಳು ಕೂಗಿದಳು: "ಅಮ್ಮಾ, ನೀರಿಗೆ ಇಳೀಬೇಡಿ! ಮಗು ಇಲ್ಲಿದೆ!" ಹೆಜ್ಜೆಗಳು ನೀರಿನ ಬಳಿ ಬಲಕ್ಕೆ ತಿರುಗಿದ್ದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

ಒಳಗೆ ಮೋಟಾರುಗಳು ಗುಂಯ್‌ಗುಡುತ್ತಿದ್ದವು. ಪಂಪ್ ನೋಡಿಕೊಳ್ಳುವ ಆ ಹೆಂಗಸಿನ ಖಾಕಿ ಕೋಟಿನಲ್ಲಿ ಮುಳುಗಿ, ನಮ್ಮವಳು ಸ್ಟೂಲಿನ ಮೇಲೆ ಕೂತು ಮೀಟರ್ ನೋಡುತ್ತಿದ್ದಳು. "ಮುಳ್ಳು ಮುಕ್ಕಾಲಿಗೆ ಬಂದಾಗ ಹೇಳು ಅಂದಿದ್ದೆ. ಸರಿಯಾಗಿ ಹೇಳಿದ್ಲು ನೋಡಿ" ಎಂದಳು ಆಕೆ. ನಾನು ನೆಲದಲ್ಲಿ ಕೂತು ಮಗಳ ಕಾಲು ಹಿಡಿದುಕೊಂಡೆ. ಅವಳು ಹೇಳಿದ್ದು ಇಷ್ಟು: "ನಾನಿಲ್ದಿದ್ರೆ ನಿಂಗೆ ಸ್ವಲ್ಪ ಆರಾಮಾಗತ್ತೆ ಅಂತ ಬಂದೆ ಅಮ್ಮ. ಎಷ್ಟು ಹೊತ್ತು ಬಿಟ್ಟು ವಾಪಸ್ ಬರ್ಬೇಕು ಅಂತ ಗೊತ್ತಾಗ್ಲಿಲ್ಲ."

ಅವತ್ತಿನಿಂದ ಹತ್ತು ಗಂಟೆಗೆ ಮುಂಚೆ ಪುಸ್ತಕ ಮುಟ್ಟುವುದಿಲ್ಲ. ಬೆಳಕು ಹರಿಯುವವರೆಗೆ ನಿದ್ದೆ, ಎದ್ದಮೇಲೆ ಕೋಟು ಹಾಕಿಕೊಂಡು ಒಂದು ಸುತ್ತು ನಡಿಗೆ, ಬಂದು ಅರ್ಧ ತಾಸು ಲೆಕ್ಕ. ಹಿಟ್ಟು ಅಳೆಯುತ್ತಾ ಅರ್ಧ, ಕಾಲು ಕಲಿಯುತ್ತಿದ್ದೇವೆ. ಮಧ್ಯಾಹ್ನ ಅವಳಿಗೆ ಇಷ್ಟ ಬಂದ ಕಥೆ, ಒಂದೇ ಕಂಬಳಿಯೊಳಗೆ. ಬುಧವಾರ ಇಬ್ಬರಿಗೂ ರಜೆ. ಮೂರು ವಾರವಾಯಿತು. ನಿನ್ನೆ ಬಾಣಲೆ ತೊಳೆಯುವಾಗ ತಡೆಯಿಲ್ಲದೆ ಹರಟಿದಳು. ಕೇಳುತ್ತಾ ನಲ್ಲಿ ನಿಲ್ಲಿಸುವುದನ್ನೇ ಮರೆತೆ.

ಆದರೂ ಹೆದರಿಕೆ ಹೋಗಿಲ್ಲ. ಅವಳು ಬಚ್ಚಲಿಗೆ ಹೋದರೂ ಹೊರಗಿನಿಂದ ಕೂಗುತ್ತೇನೆ. "ಇದ್ದೀನಮ್ಮ" ಅನ್ನುತ್ತಾಳೆ. ಒಂದು ಕ್ಷಣ ತಡವಾದರೆ ಬಾಗಿಲು ಬಡಿಯುತ್ತೇನೆ. ಮಾರ್ಚಿನಲ್ಲಿ ಏನಾಗುವುದೋ ತಿಳಿಯದು. ಇವರಿಗೆ ಇನ್ನೂ ಹೇಳಿಲ್ಲ, ಹೇಳಬೇಕು. ನಿನ್ನ ಶಾಲೆಗೆ ರಜೆ ಸಿಕ್ಕರೆ ನಾಲ್ಕು ದಿನ ಬಂದು ಹೋಗು.

ನಿನ್ನ ಮಡಿಲಲ್ಲೇ ಓದು ಕಲಿತ,
ತಂಗಿ

ತಾ.ಕ.: ನಿದ್ದೆ ಹತ್ತಿತು ಎಂದು ಮೇಲೆ ಬರೆದೆ. ನಿದ್ದೆ ಬಂದಿರಲಿಲ್ಲ ಅಕ್ಕ. ಅವಳು ಬೂಟು ಹಾಕಿಕೊಂಡದ್ದು, ಚಿಲಕ ತೆಗೆದದ್ದು, ಎಲ್ಲ ಕೇಳಿಸಿತು. ಹೋಗಲಿ, ಸ್ವಲ್ಪ ಹೊತ್ತಾದರೂ ಮನೆ ಸುಮ್ಮನಿರಲಿ ಎಂದು ಕಣ್ಣು ಮುಚ್ಚಿಕೊಂಡೇ ಇದ್ದೆ. ನಾಲ್ಕು ದಿನ ಎಂದು ಬರೆದದ್ದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡ, ಎಷ್ಟು ದಿನ ಆದರೆ ಅಷ್ಟು ದಿನಕ್ಕೆ ಬಾ. ಅವಳೊಬ್ಬಳನ್ನೇ ನನ್ನ ಜೊತೆ ಬಿಡಲು ನನಗೆ ಭಯವಾಗುತ್ತಿದೆ.