ಇಪ್ಪತ್ತೆಂದು ನಾನು ಹೇಳಿದ ಕಾರು

ಗುಗೈ, ಸೇಲಂ
ಧಾತು ಸಂವತ್ಸರ, ಮಾಘ ಶುದ್ಧ ಬಿದಿಗೆ, ಭಾನುವಾರ

ಮಾರಂಡಹಳ್ಳಿಯ ಮಂಡಿ ಬೀದಿಯಲ್ಲಿ ಸಕುಟುಂಬನಾಗಿ ಬಾಳುತ್ತಿರುವ ಚಿರಂಜೀವಿ ಪುಟ್ಟಪ್ಪನಿಗೆ, ನಿನ್ನ ಷಡ್ಡಕ ಗೋವಿಂದರಾಜು ತಾಯಿ ಚೌಡೇಶ್ವರಿಯನ್ನು ನೆನೆದು ಬರೆಯುವುದೇನೆಂದರೆ,

ಬರುವ ಶುಕ್ರವಾರ ನಿನ್ನ ಡ್ರೈವರ್ ಮುನುಸ್ವಾಮಿ ನಮ್ಮ ಗುಡಿಯಲ್ಲಿ ಕರ್ಪೂರ ಆರಿಸಿ ಪ್ರಮಾಣ ಮಾಡಕೂಡದು. ಅವನು ನಿನ್ನ ಕಾರಿನಿಂದ ಒಂದು ತೊಟ್ಟು ಪೆಟ್ರೋಲನ್ನೂ ಕದ್ದವನಲ್ಲ. ಇದನ್ನು ನಿಶ್ಚಯವಾಗಿ ಬಲ್ಲವನು ಅವನ ಹೊರತು ನಾನೊಬ್ಬನೇ. ಹೇಗೆ ಬಲ್ಲೆನೆಂಬುದನ್ನು ಹೇಳಬೇಕಾದರೆ, ಇಪ್ಪತ್ತೇಳು ವರ್ಷಗಳಿಂದ ನಿನ್ನ ಮೇಲೆ ನಾನು ಸಾಕಿಕೊಂಡು ಬಂದಿರುವ ಹೊಟ್ಟೆಕಿಚ್ಚನ್ನೂ ಹೇಳಬೇಕಾಗುತ್ತದೆ. ಫೋನಿನಲ್ಲಿ ಹೇಳಿ ಮುಗಿಸಬಹುದಾಗಿತ್ತು. ಆದರೆ ನೀನು ಅತ್ತ ಕಡೆಯಿಂದ ನಕ್ಕು, "ಓಗ್ಲಿ ಬುಡಣ್ಣಾ" ಎಂದುಬಿಡುತ್ತೀಯೆ. ಅಷ್ಟು ಸುಲಭವಾಗಿ ನಿನ್ನಿಂದ ಕ್ಷಮೆ ಪಡೆಯುವುದನ್ನು ನನ್ನ ಮನಸ್ಸು ಸಹಿಸದು.

ಪೆನ್ನಾಗರದ ಮನೆಗೆ ನಾನು ಮೊದಲ ಅಳಿಯ. ನೀನು ಬಂದದ್ದು ಏಳು ವರ್ಷದ ಮೇಲೆ. ನಾನು ಹೊಸ್ತಿಲು ದಾಟಿದೊಡನೆ ಅತ್ತೆ ಸಿದ್ದಲಕ್ಷ್ಮಮ್ಮನವರು ಸೆರಗು ಸರಿಪಡಿಸಿಕೊಂಡು, "ದೊಡ್ಡೋರು ಬಂದ್ರು, ಮಣೆ ಆಕ್ರಮ್ಮಾ" ಎಂದು ಹೆಣ್ಣುಮಕ್ಕಳಿಗೆ ಹೇಳುತ್ತಿದ್ದರು. ಆ ಮರ್ಯಾದೆಯನ್ನು ನಾನು ಬಹಳ ದೊಡ್ಡದೆಂದು ತಿಳಿದಿದ್ದೆ. ಆಮೇಲೆ ನೀನು ಬಂದೆ. "ಬಾರಪ್ಪ ಪುಟ್ಟಪ್ಪ, ಒಲೆ ಮುಂದೇನೇ ಕುಂತ್ಕೋ, ಮುದ್ದೆ ಬಿಸಿ ಐತೆ" ಎಂದು ಅದೇ ಬಾಯಿ ಕರೆಯುವುದನ್ನು ಕೇಳಿದೆ. ನನಗೆ ನಡುಮನೆಯ ಮಣೆ, ನಿನಗೆ ಅಡುಗೆಮನೆಯ ನೆಲ. ನಾನು ಮಣೆಯ ಮೇಲೆ ಒಬ್ಬನೇ ಕುಳಿತು ಉಣ್ಣುತ್ತಿರುವಾಗ ಒಳಗಿನಿಂದ ಅತ್ತೆಯ ನಗು ಕೇಳುತ್ತಿತ್ತು. ನಿನ್ನ ಹೆಂಡತಿ ಮುತ್ಯಾಲಮ್ಮನ ನಗು, ಮತ್ತು ನನ್ನ ಹೆಂಡತಿ ರಂಗನಾಯಕಿಯ ನಗು. ರಂಗನಾಯಕಿ ನನ್ನ ಮನೆಯಲ್ಲಿ ಹಾಗೆ ನಕ್ಕಿದ್ದನ್ನು ನಾನು ಕಂಡವನಲ್ಲ.  ಅಮ್ಮನ ಗುಡಿಯಲ್ಲಿ ಪುರಾಣ ಓದುವವನು, ಪರರಿಗೆ ಕರುಬದಿರುವ ಅನಸೂಯೆಯೆಂಬ ಗುಣವನ್ನು ಕುರಿತು ಒಂದು ಗಳಿಗೆ ಹೊತ್ತು ಅರ್ಥ ಹೇಳಬಲ್ಲವನು, ಗೋಡೆಯಾಚೆಯ ನಗುವನ್ನು ಲೆಕ್ಕ ಹಾಕುತ್ತ ಕೂರುತ್ತಿದ್ದೆ.

ಟೀವಿ ಮೊದಲು ನಿನ್ನ ಮನೆಗೆ ಬಂತು. ಟೆಲಿಫೋನೂ ಹಾಗೆಯೇ. ಆದಕಾರಣ ಮೊನ್ನೆಯ ಯುವ ಸಂವತ್ಸರದ ಶ್ರಾವಣದಲ್ಲಿ ಆ ಸಣ್ಣ ಬಿಳಿ ಕಾರನ್ನು ನಾನು ಕೊಂಡಾಗ, ಅದರ ಚಕ್ರಕ್ಕೆ ನಿಂಬೆಹಣ್ಣು ಇಡುವಾಗಲೇ ನನ್ನ ಮನಸ್ಸು ನಿನ್ನ ಮುಖವನ್ನು ನೆನೆಯುತ್ತಿತ್ತು. ಕಂಪನಿಯವರು ಕೊಟ್ಟ ನುಣುಪಾದ ಪುಸ್ತಿಕೆಯಲ್ಲಿ ಲೀಟರಿಗೆ ಇಪ್ಪತ್ತು ಕಿಲೋಮೀಟರು ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು.

ನೂಲಿನ ವ್ಯಾಪಾರದವನಾದ ನಾನು ಅದನ್ನು ಕಣ್ಣುಮುಚ್ಚಿ ನಂಬಲಿಲ್ಲ. ಗಿರಣಿಯವರು ಕಟ್ಟಿನ ಮೇಲೆ ಅಂಟಿಸುವ ಚೀಟಿಯನ್ನು ನಂಬಿ ಹಾಸು ಹೂಡುವ ನೇಕಾರ ನಮ್ಮ ಕುಲದಲ್ಲಿ ಉಂಟೆ? ಗಂಜಿ ಹಾಕಿ, ಹಿಂಡಿ, ಒಣಗಿಸಿ, ಹರಿದ ಎಳೆಗಳನ್ನು ಕಳೆದು, ಮಿಕ್ಕದ್ದು ಎಷ್ಟು ಮೊಳ ಬಟ್ಟೆಯಾಯಿತೆಂದು ಹೇಳುವುದಷ್ಟೆ ನಮ್ಮ ಪದ್ಧತಿ. ಹಾಗೆಯೇ ಕಾರನ್ನೂ ಅಳೆದೆ. ಟ್ಯಾಂಕನ್ನು ಕಂಠಮಟ್ಟ ತುಂಬಿಸಿ, ಗಾಡಿಯನ್ನು ಅಲುಗಾಡಿಸಿ ಮತ್ತೆ ತುಂಬಿಸಿ, ರಂಗನಾಯಕಿಯನ್ನು ಕೂರಿಸಿಕೊಂಡು ಮೆಟ್ಟೂರಿಗೆ ಹೋಗಿ ಕಾವೇರಿಯಲ್ಲಿ ಮಿಂದು, ಅದೇ ಬಂಕಿಗೆ ಮರಳಿ ಅದೇ ಮಟ್ಟಕ್ಕೆ ತುಂಬಿಸಿದೆ. ಓಡಿದ್ದು ನೂರ ಎಂಟು ಕಿಲೋಮೀಟರು. ನೂರ ಎಂಟೆಂದು ಕಂಡು ಶುಭಸಂಖ್ಯೆಯೆಂದು ಕೈಮುಗಿದೆ. ಹಿಡಿದದ್ದು ಎಂಟು ಲೀಟರು. ಭಾಗಿಸಿದರೆ ಹದಿಮೂರೂವರೆ.

ಮನೆಗೆ ಬಂದು ಪುಸ್ತಿಕೆಯನ್ನು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದೆ. ಕೆಳಗಡೆ ಇರುವೆಯಂಥ ಅಕ್ಷರಗಳಿದ್ದವು: ಪರೀಕ್ಷೆಯ ಸ್ಥಿತಿಯಲ್ಲಿ ಮಾತ್ರ. ಸಮತಟ್ಟಾದ ದಾರಿ, ಒಂದೇ ವೇಗ, ಹೊರೆಯಿಲ್ಲದ ಗಾಡಿ. ನಮ್ಮ ಸ್ತೋತ್ರಗಳ ಕೊನೆಯ ಫಲಶ್ರುತಿಯಂತೆಯೇ ಅದು. ಶುಚಿಯಾಗಿ, ಏಕಚಿತ್ತದಿಂದ, ಕಾಮಕ್ರೋಧಗಳನ್ನು ಬಿಟ್ಟು ಪಠಿಸಿದವನಿಗೆ ಸಕಲವೂ ದೊರೆಯುವುದೆಂದು ಹೇಳುತ್ತೇವೆ. ಹಾಗೆ ಪಠಿಸಿದವನನ್ನು ಯಾರೂ ಕಂಡಿಲ್ಲ. ಎಷ್ಟಾದರೂ ಕಂಪನಿಯವರು ಸಣ್ಣ ಅಕ್ಷರದಲ್ಲಾದರೂ ನಿಜವನ್ನು ಬರೆದಿದ್ದರು. ನಾನು ಅಷ್ಟನ್ನೂ ಮಾಡಲಿಲ್ಲ.

ಆ ದೀಪಾವಳಿಯಲ್ಲಿ ಪೆನ್ನಾಗರದ ಜಗಲಿಯ ಮೇಲೆ ನಾವೆಲ್ಲ ಎಣ್ಣೆಸ್ನಾನ ಮುಗಿಸಿ ಕುಳಿತಿದ್ದೆವು. ನೀನು ಕಾರನ್ನು ಸುತ್ತಿ ಬಂದು, ಹಸುವಿನ ಬೆನ್ನು ಸವರುವಂತೆ ಅದನ್ನು ಸವರಿ, "ಅಣ್ಣಾ, ಗಾಡಿ ಸೂಪರಾಗೈತೆ. ಲೀಟರ್‌ಗೆ ಎಷ್ಟ್ ಕೊಡ್ತೈತೆ?" ಎಂದು ಕೇಳಿದೆ. ರಂಗನಾಯಕಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು, ಅತ್ತೆಯೂ ನೋಡುತ್ತಿದ್ದರು. ಅವರೆಲ್ಲರ ಕಣ್ಣು ನಿನ್ನನ್ನು ಬಿಟ್ಟು ನನ್ನ ಕಡೆಗೆ ತಿರುಗಿದ ಆ ಒಂದು ಗಳಿಗೆಯ ಸುಖವನ್ನು ಹದಿಮೂರೂವರೆಗೆ ಮಾರಲು ನನಗೆ ಮನಸ್ಸು ಬರಲಿಲ್ಲ.

"ಇಪ್ಪತ್ತು" ಎಂದೆ.

ಆಗ ನಿನ್ನ ಮಂಡಿಯ ಟೆಂಪೋ ಓಡಿಸುತ್ತಿದ್ದ ಮುನುಸ್ವಾಮಿ, ಮೆಟ್ಟಿಲ ಕೆಳಗೆ ನಿಂತವನು, ತಲೆ ಕೆರೆದುಕೊಂಡು, "ಪೇಪರ್ ಮೈಲೇಜ್ ಬೇರೆ, ರೋಡ್ ಮೈಲೇಜ್ ಬೇರೆ ಸಾಮಿ. ತೊಪ್ಪೂರ್ ಘಾಟ್ ಅತ್ತೋವಾಗ ಈ ಪುಟಾಣಿಗೆ ಇಪ್ಪತ್ತೆಲ್ಲಿ ಬರ್ತೈತೆ?" ಎಂದ. ನೀನು ಅವನನ್ನು ಗದರಿದೆ: "ಸುಮ್ಕಿರ್ಲಾ! ಅಮ್ಮನ್ ಮುಂದೆ ಪುರಾಣ ಓದೋ ಬಾಯಿ ಅದು. ಅಣ್ಣ ಇಪ್ಪತ್ತು ಅಂದ್ರೆ ಇಪ್ಪತ್ತೇ." ನಿಜ ಹೇಳಿದವನು ತಲೆ ತಗ್ಗಿಸಿದ; ನಾನು ತಾಂಬೂಲ ಹಾಕಿಕೊಂಡೆ.

ಅಂದಿನಿಂದ ಆ ಇಪ್ಪತ್ತನ್ನು ಕಾಪಾಡುವುದೇ ನನಗೊಂದು ವ್ರತವಾಯಿತು. ಯಾರೂ ಲೆಕ್ಕ ಹಿಡಿಯದಿರಲೆಂದು ಅರ್ಧ ಟ್ಯಾಂಕನ್ನು ಕೊಂಡಲಾಂಪಟ್ಟಿಯ ಬಂಕಿನಲ್ಲಿಯೂ ಇನ್ನರ್ಧವನ್ನು ಐದು ರಸ್ತೆಯ ಬಳಿಯೂ ತುಂಬಿಸಿದೆ. ಯುಗಾದಿಗೆ ನೀನು ಅದೇ ಕಾರನ್ನು, ಅದೇ ಬಣ್ಣದಲ್ಲಿ, ನನ್ನ ಮಾತನ್ನು ನಂಬಿ ಕೊಂಡೆ. ಮುನುಸ್ವಾಮಿಯನ್ನು ಟೆಂಪೋದಿಂದ ಇಳಿಸಿ ಅದಕ್ಕೆ ಕೂರಿಸಿದೆ. ಅದು ನಿನಗೆ ಹದಿಮೂರು ಕೊಟ್ಟಿತು.

ನೀನೇನು ಮಾಡಿದೆ? ಕಂಡಕಂಡವರಿಗೆ ಅದನ್ನೇ ಹೇಳಿಕೊಂಡು ನಕ್ಕೆ. "ನಿಮ್ ಕಾರ್ ಸನ್ನೇಸಿ ಅಣ್ಣಾ, ನಮ್ದು ಎಂಡದಂಗ್ಡಿ ಗಿರಾಕಿ. ಬೆಳಗಾದ್ರೆ ಬಾಯ್ ಬಿಡ್ತೈತೆ!" ಎಂದು ಮದುವೆಮನೆಯಲ್ಲಿ ನೀನು ಕೂಗಿ ಹೇಳಿದಾಗ ಚಪ್ಪರವೇ ನಕ್ಕಿತು. ಆ ಹೊತ್ತು ನನಗಾದ ಉರಿಯನ್ನು ಏನೆಂದು ಬರೆಯಲಿ? ಸುಳ್ಳು ಹೇಳಿ ನಾನು ಪಡೆದದ್ದು ಒಂದು ಗಳಿಗೆಯ ನೋಟ. ನಿಜ ಹೇಳಿ ನೀನು ಪಡೆದದ್ದು ಇಡೀ ಚಪ್ಪರದ ಪ್ರೀತಿ. ಸೋಲನ್ನು ಹೀಗೆ ಹೆಗಲ ಮೇಲೆ ಕೂರಿಸಿಕೊಂಡು ಕುಣಿಸುವ ವಿದ್ಯೆಯನ್ನು ನನಗೆ ಯಾವ ಗ್ರಂಥವೂ ಕಲಿಸಲಿಲ್ಲ.

ಈಗ ಪೆನ್ನಾಗರದಲ್ಲಿ ನಾವು ಸೇರಿದ್ದ ಸಂಕ್ರಾಂತಿಯ ದಿನಕ್ಕೆ ಬರುತ್ತೇನೆ. ಧರ್ಮಪುರಿಯ ಮೆಕ್ಯಾನಿಕ್ ಮೂರು ಸಲ ಕಾರ್ಬೊರೇಟರ್ ಬಿಚ್ಚಿ ನೋಡಿ, ಗಾಡಿಯಲ್ಲಿ ದೋಷವಿಲ್ಲವೆಂದು ಹೇಳಿದನೆಂದು ನೀನು ತಿಳಿಸಿದೆ. ಪೊಂಗಲ್ ಬಡಿಸುತ್ತಿದ್ದ ರಂಗನಾಯಕಿ ಸೌಟು ನಿಲ್ಲಿಸಿ, "ಒಂದೇ ಕಾರು. ನಮ್ದು ಇಪ್ಪತ್ತು ಕೊಡ್ತದೆ, ನಿಮ್ದು ಅದಿಮೂರು. ಮಿಕ್ಕಿದ್ ಏಳು ಎಲ್ಲೋಯ್ತು ಪುಟ್ಟಪ್ಪ? ಡ್ರೈವರ್ನ ಕೇಳು" ಎಂದಳು. ಪಾಪ, ಅವಳಿಗೆ ಏನೂ ತಿಳಿಯದು. ಗಂಡನ ಮಾತನ್ನು ವೇದವೆಂದು ನಂಬಿದವಳು. ಮುತ್ಯಾಲಮ್ಮ ಕೂಡಲೇ, "ಟ್ಯಾಂಕ್ ಬೀಗದ್ಕೈ ಅವನ್ ತಾವೇ ಐತಲ್ಲಾ!" ಎಂದಳು. ಮುನುಸ್ವಾಮಿ ಕೈತೊಳೆಯುತ್ತಿದ್ದವನು ಚೊಂಬನ್ನು ಹಿಡಿದಂತೆಯೇ ನಿಂತ.

ಆಗ ನಾನು ನಿನ್ನ ಮುಖವನ್ನು ನೋಡಿದೆ. ಇಪ್ಪತ್ತೇಳು ವರ್ಷಗಳಲ್ಲಿ ಮೊದಲ ಸಲ ಆ ಮುಖದಲ್ಲಿ ನಗುವಿರಲಿಲ್ಲ. ನಂಬಿದವನು ಕೈಕೊಟ್ಟನೋ ಏನೋ ಎಂಬ ಕಪ್ಪು ಅಲ್ಲಿ ಇಳಿದಿತ್ತು. ತಾಯಿ ಚೌಡೇಶ್ವರಿಯ ಆಣೆಯಾಗಿ ಹೇಳುತ್ತೇನೆ, ಪುಟ್ಟಪ್ಪ, ನನಗೆ ಸಂತೋಷವಾಯಿತು. ನನ್ನ ಬಾಯಲ್ಲಿದ್ದ ಪೊಂಗಲ್ ಸಿಹಿಯಾಯಿತು. ಅಂದು ಒಂದೇ ಮಾತಿಗೆ ಎಲ್ಲವೂ ತಿಳಿಯಾಗುತ್ತಿತ್ತು. ನಾನು ಮತ್ತೊಂದು ಸೌಟು ಹಾಕಿಸಿಕೊಂಡೆ.

ಮುನುಸ್ವಾಮಿಯೇ ಮಾತನಾಡಿದ: "ಸತ್ತಿಯಮಾ ನಾನ್ ಮುಟ್ಟಿಲ್ಲಮ್ಮಾ. ಬೇಕಾದ್ರೆ ಸೇಲಂ ಅಮ್ಮನ್ ಗುಡೀಲಿ ಕರ್ಪೂರ ಆರಿಸ್ತೀನಿ. ದೊಡ್ಡ ಸಾಮಿನೇ ಅಚ್ಚಿ ಕೊಡ್ಲಿ. ಅವರ್ ಮುಂದೆ ನಿಂತು ಸುಳ್ಳಾಡಾಕಾಗ್ತದಾ?" ದೊಡ್ಡ ಸಾಮಿಯೆಂದರೆ ನಾನೇ. ಪ್ರಮಾಣಕ್ಕೆ ಮುಂಚೆ ಹಿಡಿಯುವ ಒಪ್ಪೊತ್ತಿನ ವ್ರತಕ್ಕೆ ಕಾಲಬೇಕೆಂದು ಎಲ್ಲರೂ ಸೇರಿ ಮಾಘದ ಮೊದಲ ಶುಕ್ರವಾರವನ್ನು ಗೊತ್ತುಮಾಡಿದಿರಿ. ಉರಿಯುವ ಕರ್ಪೂರವನ್ನು ಅಂಗೈಯಿಂದ ಒತ್ತಿ ಆರಿಸಿದವನ ಮಾತನ್ನು ಅಮ್ಮನೇ ಒಪ್ಪಿದಂತೆ. ಆದರೆ ಒಮ್ಮೆ ಆರಿಸಿದವನನ್ನು ಊರು ಆಮೇಲೆ ಹೇಗೆ ನೋಡುತ್ತದೆಂಬುದನ್ನು ನಾನು ಬಲ್ಲೆ. ಅವನ ಮನೆಯಲ್ಲಿ ಮಗುವಿಗೆ ಜ್ವರ ಬಂದರೂ, ಹಸು ಸತ್ತರೂ, ಸುಳ್ಳು ಪ್ರಮಾಣದ ಫಲವೆಂದು ಆಡಿಕೊಳ್ಳುತ್ತಾರೆ. ನಲವತ್ತು ವರ್ಷ ಆ ಕರ್ಪೂರದ ತಟ್ಟೆ ಹಿಡಿದವನು ನಾನು.

ಈ ನಾಲ್ಕು ವಾರ ನಾನು ಸುಮ್ಮನಿರಲಿಲ್ಲ. ಆಡಿದ ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳುವ ಬದಲು ಕಾರನ್ನೇ ಅದರ ಮಟ್ಟಕ್ಕೆ ಏರಿಸಲು ಹೊರಟೆ. ಚಕ್ರಗಳಿಗೆ ಗಾಳಿ ಬಿಗಿಯಾಗಿ ತುಂಬಿಸಿದೆ. ಸ್ಟೆಪ್ನಿಯನ್ನು ಇಳಿಸಿ ಮಗ್ಗದ ಕೋಣೆಯಲ್ಲಿಟ್ಟೆ. "ನನ್ನ ಯಾಕ್ ಬುಟ್ಟೋಯ್ತೀರಿ?" ಎಂದ ರಂಗನಾಯಕಿಯನ್ನೂ ಭಾರವೆಂದು ಮನೆಯಲ್ಲೇ ಬಿಟ್ಟು, ಓಮಲೂರಿನ ಸಮತಟ್ಟಾದ ದಾರಿಯಲ್ಲಿ ನಲವತ್ತರ ವೇಗದಲ್ಲಿ, ಎಮ್ಮೆಗಾಡಿಯವರೂ ಬೈಯುವಂತೆ, ಒಬ್ಬನೇ ಓಡಿಸಿದೆ. ಹದಿನಾರಕ್ಕಿಂತ ಮೇಲೆ ಅದು ಏರಲಿಲ್ಲ.

ನಿನ್ನೆ ಮಧ್ಯಾಹ್ನ ಮುನುಸ್ವಾಮಿ ಬಸ್ಸಿನಲ್ಲಿ ನನ್ನ ಮನೆಗೆ ಬಂದಿದ್ದ. ನೀನು ಕಳಿಸಿದ್ದಲ್ಲವಂತೆ. ಸಂಕ್ರಾಂತಿಯಿಂದ ಒಪ್ಪೊತ್ತಿದ್ದಾನೆ, ಕೆನ್ನೆ ಒಳಗೆ ಹೋಗಿದೆ. ಪ್ರಮಾಣದ ವಿಧಿ ಕೇಳಲು ಬಂದಿರಬೇಕೆಂದುಕೊಂಡೆ. ಅವನು ಮೆಟ್ಟಿಲ ಮೇಲೆ ಕೂರದೆ, ಕಾರಿನ ಪಕ್ಕದಲ್ಲಿಯೇ ನಿಂತು ಹೇಳಿದ: "ದೊಡ್ಡ ಸಾಮಿ, ಶುಕ್ರವಾರ ಅದೆಂಗೋ ಆಗೋಯ್ತದೆ. ಅದುಕ್ ಬರ್ಲಿಲ್ಲ ನಾನು. ಇಪ್ಪತ್ತೊರ್ಸ ಆಯ್ತು ಸ್ಟೀರಿಂಗ್ ಇಡ್ದು, ನಂಗ್ ಓಡ್ಸಾಕೆ ಬರಲ್ಲ ಅಂತ ಈಗ ಗೊತ್ತಾಯ್ತು. ನೀವ್ ಇಪ್ಪತ್ತು ಎಂಗ್ ತರ್ತೀರಿ? ಗೇರ್ ಎಲ್ಲಿ ಬದ್ಲಾಯಿಸ್ತೀರಿ? ಕ್ಲಚ್ ಮ್ಯಾಲೆ ಕಾಲ್ ಇಕ್ತೀರಾ? ಒಂದ್ಸಲ ಪಕ್ಕದಾಗ್ ಕುಂದ್ರುಸ್ಕೊಂಡ್ ತೋರ್ಸಿ ಸಾಮಿ. ಕಲೀತೀನಿ."

ನನಗೆ ಮೊದಲು ಬಂದ ಯೋಚನೆಯನ್ನೂ ಮುಚ್ಚಿಡುವುದಿಲ್ಲ: ಇಂಥ ಮನುಷ್ಯ ಪುಟ್ಟಪ್ಪನಿಗೇ ಏಕೆ ದೊರೆತ, ನನಗೇಕೆ ದೊರೆಯಲಿಲ್ಲ ಎಂದು. ಆಮೇಲೆ ತಲೆಸುತ್ತು ಎಂದು ನೆಪ ಹೇಳಿ ಒಳಗೆ ಬಂದು, ದೇವರ ಕೋಣೆಯಲ್ಲಿ ಕುಳಿತೆ. ಅವನು ಒಂದು ಗಂಟೆ ಕಾದು, ರಂಗನಾಯಕಿ ಕೊಟ್ಟ ಮಜ್ಜಿಗೆಯನ್ನೂ ವ್ರತವೆಂದು ಬಿಟ್ಟು, ನನ್ನ ಕಾರಿನ ಗಾಜನ್ನು ಒರೆಸಿಟ್ಟು ಹೋದನಂತೆ.

ಇನ್ನೊಂದು ತಪ್ಪನ್ನು ಈ ಕಾಗದದಲ್ಲಿಯೇ ಮಾಡುತ್ತಿದ್ದೇನೆ. ನಮ್ಮ ಮನೆಮಂದಿಯೆಲ್ಲ ಆಡುವುದು ಕನ್ನಡವಾದರೂ ಕಲಿತದ್ದು ತಮಿಳಿನ ಅಕ್ಷರ. ಈ ಕನ್ನಡದ ಅಕ್ಷರವನ್ನು ಓದಬಲ್ಲವರು ನಾನು, ಮತ್ತು ನಾನು ಜಗಲಿಯಲ್ಲಿ ಕೂರಿಸಿ ಕಲಿಸಿದ ನೀನು, ಇಬ್ಬರೇ. ತಮಿಳಿನಲ್ಲಿ ಬರೆದಿದ್ದರೆ ಮುತ್ಯಾಲಮ್ಮನೂ ಮುನುಸ್ವಾಮಿಯೂ ಓದುತ್ತಿದ್ದರು. ಅದು ಗೊತ್ತಿದ್ದೇ ಕನ್ನಡದಲ್ಲಿ ಬರೆದೆ. ಇಷ್ಟು ಬರೆದ ಮೇಲೆ ಅರಿವಾಯಿತು, ಇದೂ ಅರ್ಧರ್ಧ ಟ್ಯಾಂಕು ತುಂಬಿಸುವ ಉಪಾಯವೇ ಎಂದು. ಆದಕಾರಣ ನಿನ್ನ ಅಣ್ಣನಾಗಿ ಆಜ್ಞೆ ಮಾಡುತ್ತೇನೆ: ಮುನುಸ್ವಾಮಿಯನ್ನು ಒಳಗೆ ಕರೆದು ಕೂರಿಸಿ, ಎಲ್ಲರ ಮುಂದೆ ಇದನ್ನು ಗಟ್ಟಿಯಾಗಿ ಓದು. ನನ್ನ ಮಾನ ಉಳಿಸಲೆಂದು ಒಂದು ಸಾಲನ್ನೂ ಬಿಡಬೇಡ. ಓದಿ ಮುಗಿಸಿದ ಮೇಲೆ ಅವನಿಗೆ ಊಟ ಹಾಕಿಸು. ರಂಗನಾಯಕಿಗೆ ಈಗ ನಾನೇ ಹೇಳುತ್ತೇನೆ, ಅವಳು ಅಡುಗೆಮನೆಯಲ್ಲಿದ್ದಾಳೆ.

ಶುಕ್ರವಾರ ಎಲ್ಲರೂ ಬನ್ನಿ, ಅತ್ತೆಯನ್ನೂ ಕರೆದುಕೊಂಡು ಬಾ. ತಟ್ಟೆಯನ್ನು ಅರ್ಚಕರ ಕೈಗೆ ಕೊಡುತ್ತೇನೆ. ಕರ್ಪೂರದ ಮುಂದೆ ನಿಂತು ಹದಿಮೂರೂವರೆಯೆಂದು ಹೇಳಿ, ನಾನೇ ಅದನ್ನು ಆರಿಸುತ್ತೇನೆ. ಪುರಾಣದ ಪೀಠವನ್ನು ಬಿಡು ಎಂದರೆ ಬಿಡುತ್ತೇನೆ. ಇಷ್ಟಾದರೂ, ಪುಟ್ಟಪ್ಪ, ನಾನು ಶುದ್ಧನಾದೆನೆಂದು ತಿಳಿಯಬೇಡ. ಅಂಗೈ ಉರಿಯುತ್ತಿರುವಾಗಲೂ ನನ್ನ ಕಣ್ಣು ಓರೆಯಾಗಿ, ಅತ್ತೆ ನನ್ನನ್ನು ನೋಡುತ್ತಿದ್ದಾರೋ ನಿನ್ನನ್ನೋ ಎಂದು ಹುಡುಕುತ್ತದೆ.

ತಾಯಿ ನಿನ್ನ ಮನೆಯನ್ನೂ, ಅದಕ್ಕಿಂತ ಮೊದಲು ಮುನುಸ್ವಾಮಿಯ ಮನೆಯನ್ನೂ ಕಾಯಲಿ. ನಿನ್ನ ನಗು ನಿನಗೆ ಮರಳಲಿ. ಅದನ್ನು ಕೇಳಿ ಉರಿಯುವುದು ನನ್ನ ಪಾಲಿಗಿರಲಿ.

ಹಿರಿಯನೆಂದು ಇನ್ನೂ ಕರೆಯುವೆಯಾದರೆ, ನಿನ್ನ ಅಣ್ಣ,
ಗೋವಿಂದರಾಜು