ಪಣಿಯಾರದ ಕಲ್ಲಿನಲ್ಲಿ ಸೀಸ

ಜನವರಿ 2, 2025, ಗುರುವಾರ. ಬೆಳಿಗ್ಗೆ 6.20

ಹಾಲು ತಂದಾಯಿತು. ಮಗ್ಗದ ಗುಂಡಿ ಗುಡಿಸಿದೆ. ನಿನ್ನೆಯ ಟವೆಲು ಮುಕ್ಕಾಲು ಬಂದಿದೆ, ಮಧ್ಯಾಹ್ನಕ್ಕೆ ಮುಗಿಯಬಹುದು. ಒಂದು ಎಳೆ ಲಾಳಿಗೆ ಸಿಕ್ಕಿ ಹರಿಯಿತು. ಲಾಳಿಯ ಮೂತಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳು. ಎಮರಿ ಪೇಪರಿನಲ್ಲಿ ಉಜ್ಜಿ, ಕೆನ್ನೆಗೆ ಒತ್ತಿ ನೋಡಿದೆ. ಬೆರಳು ಸುಳ್ಳು ಹೇಳಬಹುದು, ಕೆನ್ನೆ ಹೇಳುವುದಿಲ್ಲ. ಈಗ ಸರಿ.

ಹೊಸ ಡೈರಿ ನೂಲಿನ ಅಂಗಡಿಯವರು ಕೊಟ್ಟದ್ದು. ಮನೆಮಾತು ಕನ್ನಡವಾದರೂ ಈ ತಮಿಳು ಸೀಮೆಯಲ್ಲಿ ಬೆಳೆದ ಶಾರದೆಗೆ ಓದಲು ತಮಿಳು ಮಾತ್ರ ಬರುತ್ತದೆ. ಕನ್ನಡದಲ್ಲಿ ಬರೆದರೆ ಹೆಂಡತಿಯ ವಿಷಯ ಏನು ಬೇಕಾದರೂ ಬರೆಯಬಹುದು. ಇವತ್ತು ಉಪ್ಪಿಟ್ಟಿಗೆ ಉಪ್ಪಿರಲಿಲ್ಲ.

ಸಂಜೆ 6.45

ರೋಜಾ ಫೋನು. ನಾಗಪಟ್ಟಣದ ಸ್ಕೂಲಿನಲ್ಲಿ ಲೆಕ್ಕದ ಟೀಚರ್ ಆದ ಮೇಲೆ ಮಗಳಿಗೆ ಒಂದು ಹುಚ್ಚು ಹಿಡಿದಿದೆ. ಭಾನುವಾರ ಬಂದರೆ ಸಾಕು, ಕಡಲ ದಂಡೆಯಲ್ಲಿ ನಿಂತು ಉದ್ದನೆಯ ಕೋಲಿನಿಂದ ಗಾಳ ಎಸೆಯುವುದು. ಫೆಬ್ರವರಿ 23ಕ್ಕೆ ಅಲ್ಲಿಯ ಕ್ಲಬ್ಬಿನ ಸ್ಪರ್ಧೆ. ಹೋದ ವರ್ಷದ ಕಥೆ ನನಗೆ ಹೇಳಿದ್ದು ಇವತ್ತೇ. ದಾರವನ್ನು ಕಡಲ ತಳದಲ್ಲಿ ನಿಲ್ಲಿಸಲು ತುದಿಗೊಂದು ತೂಕ ಕಟ್ಟುತ್ತಾರೆ. ಅಂಗಡಿಯ ತೂಕ ನೀರಿನ ಸೆಳೆತಕ್ಕೆ ಜರುಗಿ, ಇವಳ ದಾರ ಪಕ್ಕದವರ ದಾರಕ್ಕೆ ಸುತ್ತಿಕೊಂಡಿತಂತೆ. ಮೂರು ಸಲ. ಮೂರು ಸಲ ಆದರೆ ಔಟ್, ರೂಲ್ಸು. ಪಕ್ಕದಲ್ಲಿದ್ದ ಒಬ್ಬ ಮೀಸೆಯವನು ಎಲ್ಲರೆದುರಿಗೆ ಕೇಳಿದನಂತೆ— ನೇಯುವವರ ಮಗಳು ಅಂತೀಯ, ನೂಲು ಸಿಕ್ಕು ಮಾಡ್ತೀಯಲ್ಲಮ್ಮಾ?

"ಈ ಸಲನೂ ಇಂಗೇ ಆದ್ರೆ ಕೋಲು ಮಾರ್ಬಿಡ್ತೀನಪ್ಪಾ" ಅಂದಳು. ನಗುತ್ತಲೇ ಅಂದಳು. ಆ ನಗು ಗೊತ್ತು. ಪ್ಲಸ್ ಟೂನಲ್ಲಿ ಮಾರ್ಕು ಕಡಿಮೆ ಬಂದಾಗಲೂ ಹಾಗೇ ನಕ್ಕಿದ್ದಳು.

"ಮಾರ್ಬೇಡ. ತೂಕ ನಾನ್ ಮಾಡಿಕೊಡ್ತೀನಿ" ಅಂದುಬಿಟ್ಟೆ.

ನಾನು ಕಡಲು ನೋಡಿರುವುದು ಎರಡೇ ಸಲ. ಒಂದು ಸಲ ಬಸ್ಸಿನ ಕಿಟಕಿಯಿಂದ.

ಜನವರಿ 4, ಶನಿ

ಅಟ್ಟದಿಂದ ಜಕಾರ್ಡಿನ, ಅಂದರೆ ಹೂ-ಬಳ್ಳಿ ನೇಯುವ ಮಗ್ಗದ, ಸಾಮಾನಿನ ಚೀಲ ಇಳಿಸಿದೆ. ಅಪ್ಪನ ಕಾಲದ್ದು. ಮೇಲೆದ್ದ ದಾರ ತಾನಾಗಿ ಕೆಳಗೆ ಬರಲಿ ಅಂತ ಪ್ರತಿ ದಾರದ ತುದಿಗೂ ಒಂದು ಸೀಸದ ಕಡ್ಡಿ. ಆಮೇಲೆ ಎಲ್ಲರೂ ಕಬ್ಬಿಣದ್ದಕ್ಕೆ ಹೋದರು, ಅಪ್ಪ ಹೋಗಲಿಲ್ಲ. ಆ ಮಗ್ಗ ನಿಂತು ಹನ್ನೊಂದು ವರ್ಷ. ಈಗ ನನ್ನದು ಟವೆಲು, ಪಂಚೆ.

ಒಂದು ಕಡ್ಡಿ ಕೆನ್ನೆಗೆ ಒತ್ತಿದೆ. ತಣ್ಣಗೆ, ನುಣ್ಣಗೆ. ಅಪ್ಪ ಒಂದೊಂದನ್ನೂ ಬಟ್ಟೆಯಲ್ಲಿ ಉಜ್ಜಿ ಇಡುತ್ತಿದ್ದರು.

ಇದನ್ನು ಕರಗಿಸುತ್ತೇನೆ ಎಂದರೆ, ಅವರು ಇದ್ದಿದ್ದರೆ ಮೊದಲು ಬೈಯುತ್ತಿದ್ದರು. ಆಮೇಲೆ ನನ್ನನ್ನು ಪಕ್ಕಕ್ಕೆ ತಳ್ಳಿ ಒಲೆಯ ಮುಂದೆ ತಾವೇ ಕೂರುತ್ತಿದ್ದರು.

ಐದು ಕಡ್ಡಿ ಸೇರಿದರೆ ನೂರಿಪ್ಪತ್ತು ಗ್ರಾಂ. ರೋಜಾ ಕೇಳಿದ್ದು ಅಷ್ಟೇ. ಮೂವತ್ತು ಕಡ್ಡಿ ಬೇರೆ ಇಟ್ಟೆ.

ಜನವರಿ 5, ಭಾನು. ಸಂಜೆ

ಶಾರದ ಬೆಳಿಗ್ಗೆ ನಂಗವಳ್ಳಿಗೆ, ತಂಗಿ ಮನೆಗೆ. ಹಿತ್ತಿಲಲ್ಲಿ ಮೂರು ಇಟ್ಟಿಗೆ, ಹಳೆಯ ಕಬ್ಬಿಣದ ಸೌಟು, ಮುಖಕ್ಕೆ ಟವೆಲು. ಗಾಳಿ ಬೆನ್ನ ಹಿಂದಿನಿಂದ ಬರುವ ಹಾಗೆ ಕೂತೆ. ಸೀಸ ಕರಗಿತು. ಹುಯ್ಯುವುದು ಯಾವುದರಲ್ಲಿ? ಅದನ್ನು ಯೋಚಿಸಿರಲೇ ಇಲ್ಲ.

ಅಡುಗೆಮನೆಯಲ್ಲಿ ಪಣಿಯಾರದ ಕಲ್ಲು, ಗುಳಿಯಪ್ಪ ಹುಯ್ಯುವ ಕಬ್ಬಿಣದ ಕಾವಲಿ. ಏಳು ಗುಳಿ. ದೇವರು ಕಳಿಸಿದ ಅಚ್ಚು.

ಆರು ಗುಳಿಯಲ್ಲಿ ಅರ್ಧಕ್ಕೂ ಕಡಿಮೆ ಸೀಸ, ಮೇಲೆ ದಾರ ಕಟ್ಟಲು ಒಂದು ಕಂಬಿಯ ಉಂಗುರ. ಆರು ತೂಕ. ಕವುಚಿ ತಟ್ಟಿದರೆ ಪಣಿಯಾರದ ಹಾಗೇ ಟಣ್ ಟಣ್ ಎಂದು ಬಿದ್ದವು. ನನ್ನಷ್ಟಕ್ಕೆ ನಾನೇ ಚಪ್ಪಾಳೆ ತಟ್ಟಿದೆ.

ನಾಲ್ಕು ಗಂಟೆಗೆ ಶಾರದ ಬಂದಳು.

"ಇದು ನಮ್ಮವ್ವ ಕೊಟ್ಟ ಕಲ್ಲು!"

"ಗೊತ್ತು ಕಣೇ."

"ಒಂದು ಗುಳೀಲೂ ಅಂಟಲ್ಲ."

"ಅದಕ್ಕೇ ತಗಂಡಿದ್ದು. ಸೀಸನೂ ಅಂಟ್ಲಿಲ್ಲ."

ಇನ್ನು ಅದರಲ್ಲಿ ಅಡುಗೆ ಮಾಡಬಾರದು, ಸೀಸ ವಿಷ, ಅಂತ ಹೇಳಿದೆ. ಅದನ್ನು ಇವತ್ತು ಹೇಳಬಾರದಿತ್ತು.

"ಒಸ ಕಲ್ಲು ಬರೋವರ್ಗೂ ಈ ಮನೇಲಿ ಪಣಿಯಾರ ಅಂತ ಬಾಯಿ ಬಿಡ್ಬೇಡಿ."

ಜನವರಿ 9

ನಾಲ್ಕು ದಿನದಿಂದ ಉಜ್ಜುತ್ತಿದ್ದೇನೆ. ಮೊದಲು ಅರ, ಆಮೇಲೆ ಎಮರಿ, ಆಮೇಲೆ ಬಟ್ಟೆ. ಪ್ರತಿಸಲ ಕೈ ತೊಳೆಯುವುದು— ಶಾರದೆಯ ಆರ್ಡರ್. ಆರೂ ಕನ್ನಡಿಯ ಹಾಗೆ. ರೇಷ್ಮೆಯ ಮೇಲೆ ಎಳೆದರೂ ಒಂದು ಎಳೆ ಏಳುವುದಿಲ್ಲ. ಎಳೆದು ನೋಡಿದೆ.

ಜನವರಿ 15, ಪೊಂಗಲ್ ಮಾರನೆಯ ದಿನ

ರೋಜಾ ಬಂದು ಹೋದಳು. "ಅಪ್ಪಾ, ಕಣ್ಣಿಗೆ ಒಡೀತೈತೆ!" ಅಂತ ಒಂದನ್ನು ಬಿಸಿಲಿಗೆ ಹಿಡಿದು ಕುಣಿದಳು. ಆರನ್ನೂ ಕರ್ಚೀಫಿನಲ್ಲಿ ಕಟ್ಟಿಕೊಂಡು ಬಸ್ ಹತ್ತಿದಳು. ಅವಳ ಬ್ಯಾಗು ಎತ್ತಿಕೊಟ್ಟ ಕಂಡಕ್ಟರ್, ಒಳಗೆ ಕಲ್ಲು ಇದೆಯಾ ಎಂದ. ಹೆಮ್ಮೆಯಾಯಿತು.

ಜನವರಿ 19, ಭಾನು

ಫೋನು.

"ಅಪ್ಪಾ, ಬೈಬೇಡ. ಗೋಲಿ ಉರುಳ್ದಂಗೆ ಉರುಳ್ತು."

"ಏನ್ ಉರುಳ್ತು?"

"ನಿನ್ ತೂಕ. ಅಂಗಡೀದಾದ್ರೂ ನಿಧಾನಕ್ಕೆ ಜರುಗ್ತಿತ್ತು. ನಿಂದು ಜಾರ್ಕಂಡು ಪಾಂಡಿಚೇರಿಗೇ ಓಯ್ತು! ಅದಕ್ಕೆ ಕಾಲು ಬೇಕಪ್ಪಾ, ಮರಳು ಇಡ್ಕೊಳಾಕೆ."

ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದಳು. ಸೀಸದ ಉಂಡೆ, ಅದರಿಂದ ನಾಲ್ಕು ಕಂಬಿ ಜೇಡನ ಕಾಲಿನ ಹಾಗೆ ಹೊರಗೆ. ತುದಿ ಚೂಪು. ನೋಡಿದರೇ ಮೈ ಜುಮ್ಮೆಂದಿತು. ಐವತ್ತು ವರ್ಷ ಇಂಥ ಮುಳ್ಳುಗಳನ್ನೇ ಹುಡುಕಿ ಹುಡುಕಿ ಕೊಂದವನು ನಾನು. ಈಗ ನಾನೇ ಹೆರಬೇಕಂತೆ.

ಜನವರಿ 22, ಬುಧ

ಕುಪ್ಪುಸ್ವಾಮಿಯ ಸೈಕಲ್ ಅಂಗಡಿಗೆ ಹೋಗಿ ಹಳೆಯ ಸ್ಪೋಕು ಕೇಳಿದೆ.

"ಪೆರುಮಾಳಣ್ಣಾ, ಈ ವಯಸ್ಸಲ್ಲಿ ಸೈಕಲ್ ಕಟ್ತೀರಾ?"

"ಇಲ್ಲಪ್ಪ, ಕಡಲಿಗೆ."

ಅವನು ಒಂದು ಕಟ್ಟು ಕೊಟ್ಟ.

ಕಲ್ಲಿನ ಗುಳಿಯಲ್ಲಿ ಕಂಬಿ ಅಡ್ಡ ಇಟ್ಟು ಸೀಸ ಹುಯ್ದೆ. ಪಟಾರ್! ಪಟಾಕಿಯ ಹಾಗೆ ಸಿಡಿಯಿತು. ಲುಂಗಿಯಲ್ಲಿ ಎರಡು ತೂತು. ಮುಖಕ್ಕೆ ಟವೆಲು ಇತ್ತು, ಬಚಾವ್. ಆಮೇಲೆ ತಿಳಿಯಿತು, ಬೆಳಿಗ್ಗೆ ಶಾರದ ಕಲ್ಲನ್ನು ತೊಳೆದಿಟ್ಟಿದ್ದಾಳೆ, ಗುಳಿಯಲ್ಲಿ ನೀರಿನ ಪಸೆ. ಅಡುಗೆಗಿಲ್ಲದ ಕಲ್ಲನ್ನು ಯಾಕೆ ತೊಳೆದೆ ಎಂದರೆ, "ನಮ್ಮವ್ವಂದು, ಕೊಳಕಾಗಿರ್ಬಾರ್ದು" ಅಂದಳು. ಒಲೆಯ ಮೇಲಿಟ್ಟು ಚೆನ್ನಾಗಿ ಒಣಗಿಸಿ ಮತ್ತೆ ಹುಯ್ದೆ. ಹೊಸ ಆರು ತೂಕವೂ ಬಂದವು.

ಜನವರಿ 24

ತಪ್ಪಾಗಿದೆ. ನಿನ್ನೆ ಕೂತು ಕಾಫಿ ಕುಡಿಯುತ್ತಾ ರೇಡಿಯೋ ಕೇಳುತ್ತಿದ್ದೆ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಇವತ್ತು ನೋಡಿದರೆ ಐದು ತೂಕದ ಇಪ್ಪತ್ತು ಕಾಲಿನ ತುದಿಯನ್ನೂ ಅರದಿಂದ ಉಜ್ಜಿ ಗುಂಡಗೆ ಮಾಡಿಟ್ಟಿದ್ದೇನೆ! ಕೆನ್ನೆಗೆ ಒತ್ತಿ ಬೇರೆ ನೋಡಿದ್ದೇನೆ ಅಂತ ಕಾಣುತ್ತದೆ, ಕೆನ್ನೆ ಕಪ್ಪಾಗಿದೆ. ಇರಲಿ, ಗುಂಡಗಿದ್ದರೂ ಮರಳು ಹಿಡಿಯಬಹುದು, ಅಷ್ಟು ಚೂಪು ಯಾಕೆ— ಅಂತ ಆರನೆಯದಕ್ಕೂ ಅರ ತೆಗೆದುಕೊಳ್ಳಲು ಒಳಗೆ ಹೋದೆ.

ಪರ್ ಅಂತ ಸದ್ದು. ಆಮೇಲೆ ಶಾರದೆಯ ಕೂಗು. ಜಗುಲಿಯ ಮೇಲಿದ್ದ ಆರನೆಯದು ಅವಳ ಸೀರೆಗೆ ಕಚ್ಚಿಕೊಂಡಿದೆ. ನಾನೇ ನೇಯ್ದ ಕಾಟನ್ ಸೀರೆ. ಒಂದು ಗೇಣು ಹರಿದಿದೆ.

"ಇಡ್ಕಂಡೈತೆ!" ಅಂತ ಕೂಗಿದೆ. "ಶಾರದಾ, ಇಡ್ಕಂಡೈತೆ ನೋಡೇ!"

"ಸೀರೆ ಅರ್ದೋಗಿದೆ, ಇವ್ರು ಕುಣೀತಾವ್ರೆ!"

ಉಜ್ಜಿದ್ದನ್ನು ಅದೇ ಸೀರೆಯ ಮೇಲೆ ಎಳೆದೆ. ಜಾರಿತು. ಉಜ್ಜದ್ದನ್ನು ಎಳೆದೆ. ಕಚ್ಚಿತು. ಮತ್ತೆ ಎಳೆದೆ.

"ಇನ್ನೂ ಅರೀರಿ," ಅಂದಳು. "ಒಂದು ಎಳೆ ಎದ್ದಿದ್ರೆ ನಲವತ್ತು ವರ್ಷ ನನ್ನ ಬೈದ್ರಲ್ಲ. ಇವತ್ತು ಪೂರ್ತಿ ಸೀರೆ ಅರೀರಿ."

ಎಷ್ಟು ಹೊತ್ತು ನಕ್ಕೆವೋ. ಗುಂಡಗಾದ ತುದಿಗಳನ್ನೆಲ್ಲ ಓರೆಯಾಗಿ ಕತ್ತರಿಸಿದೆ. ಅರವನ್ನು ಅಟ್ಟಕ್ಕೆ ಎಸೆದೆ. ಸೀಸದ ಮೈಯನ್ನು ಮಾತ್ರ ಬಟ್ಟೆಯಲ್ಲಿ ಉಜ್ಜಿದೆ, ಅಷ್ಟು ಬಿಡಲಾಗಲಿಲ್ಲ. ಬಸ್ ಪಾರ್ಸಲ್ಲಿನಲ್ಲಿ ಕಳಿಸಿದೆ.

ಫೆಬ್ರವರಿ 2, ಭಾನು

"ಅಪ್ಪಾ, ಇಡ್ಕಂತು! ಬಂಡೆ ನಿಂತಂಗೆ ನಿಂತ್ಕಂತು!"

"ಆಂ! ನಾನ್ ಏಳ್ಲಿಲ್ವಾ?"

"ಆದ್ರೆ ವಾಪಸ್ ಬರ್ಲಿಲ್ಲ. ಎಷ್ಟು ಎಳುದ್ರೂ ಇಲ್ಲ. ದಾರ ಕಟ್ಟಾಗಿ ಮೂರು ಒಳ್ಗೇ ಓಯ್ತು. ಇಡ್ದಿದ್ದ ಬಿಡಲ್ಲ, ಅವ್ವನ ತರ."

ಅವ್ವ ಸ್ಪೀಕರಿನಲ್ಲಿ ಕೇಳುತ್ತಿದ್ದಳು. "ಏನಂದೆ?"

ಫೋನು ಕಟ್ಟಾಯಿತು.

ಕಾಲಿನ ಕಂಬಿ ಅಲೆಗೆ ಬಗ್ಗಬಾರದು, ಮಗಳು ಜೋರಾಗಿ ಜಗ್ಗಿದರೆ ಬಗ್ಗಬೇಕು. ಇನ್ನು ಮೂರು ವಾರ.

ಫೆಬ್ರವರಿ 13

ಬರೆಯಲು ಏನೂ ಇರಲಿಲ್ಲ. ತಾಮ್ರದ ತಂತಿ— ಬೆಣ್ಣೆ. ಛತ್ರಿಯ ಕಡ್ಡಿ— ಬಗ್ಗುವುದೇ ಇಲ್ಲ. ಒಂದು ಟವೆಲೂ ನೇಯ್ದಿಲ್ಲ.

ಫೆಬ್ರವರಿ 16, ಭಾನು

ಶಾರದ! ಬಟ್ಟೆ ಒಣಗಿಸುವ ಕಂಬಿ ಸಡಿಲವಾಗಿತ್ತು, ಬಿಗಿಯುತ್ತಿದ್ದಳು. ಕೈಯಿಂದಲೇ ಬಗ್ಗಿಸಿದಳು, ಬಗ್ಗಿದ್ದು ಹಾಗೇ ನಿಂತಿತು. "ಇದು ಆಗಲ್ವಾ?" ಅಂತ ನನ್ನ ಕಡೆ ನೋಡದೆಯೇ ಕೇಳಿದಳು. ನಲವತ್ತು ವರ್ಷದಿಂದ ಹಿತ್ತಿಲಲ್ಲೇ ಇದ್ದ ಕಂಬಿ.

ಎರಡು ಮೊಳ ಕತ್ತರಿಸಿ, ಕಾಲು ಮಾಡಿ ಹೊಸ ತೂಕ ಎರೆದೆ. ಕಡಲು ಎಲ್ಲಿಂದ ತರುವುದು? ಪಕ್ಕದ ಅಂಕಮ್ಮನವರ ಮನೆ ಕಟ್ಟಲು ಮರಳು ಸುರಿದಿದೆ. ತೂಕವನ್ನು ಮರಳಿನಲ್ಲಿ ಊರಿ ಎರಡು ಹಗ್ಗ ಕಟ್ಟಿದೆ. ನಾನು ಕಡಲು, ಪಕ್ಕದಿಂದ ಮೆಲ್ಲಗೆ ಎಳೆಯಬೇಕು. ಶಾರದ ರೋಜಾ, ನಾನು ಹೇಳಿದಾಗ ಜಗ್ಗಬೇಕು.

ಅಂಕಮ್ಮ ಬಾಗಿಲಿಗೆ ಬಂದಳು. "ಏನಕ್ಕಾ, ಗಂಡ ಎಂಡ್ತಿ ಅಗ್ಗ ಜಗ್ಗಾಟ?"

"ಸುಮ್ನಿರು, ಇವ್ರು ಕಡಲಾಗವ್ರೆ."

ಕಡಲು ಎಳೆಯಿತು. ತೂಕ ಕದಲಲಿಲ್ಲ. ಇನ್ನೂ ಎಳೆಯಿತು. ಇಲ್ಲ. "ಈಗ!" ಎಂದೆ. ಶಾರದ ಎರಡೂ ಕೈಯಲ್ಲಿ ಜಗ್ಗಿದಳು. ನಾಲ್ಕೂ ಕಾಲು ನೆಟ್ಟಗಾಗಿ ತೂಕ ಮೇಲೆ ಹಾರಿತು. ಶಾರದ ಹಿಂದಕ್ಕೆ ಮರಳಿನಲ್ಲಿ ಕುಳಿತುಬಿಟ್ಟಳು. ಏಳಲಾರದೆ ನಗುತ್ತಿದ್ದಾಳೆ. ಎಬ್ಬಿಸಲು ಹೋದ ನಾನೂ ಬಿದ್ದೆ. ಅಂಕಮ್ಮ ಯಾರನ್ನೋ ಕರೆಯಲು ಓಡಿದಳು.

ಕಾಲನ್ನು ಮತ್ತೆ ಕೈಯಿಂದ ಬಗ್ಗಿಸಿದರೆ ಮುಗಿಯಿತು, ಇನ್ನೊಂದು ಎಸೆತಕ್ಕೆ ರೆಡಿ.

ಫೆಬ್ರವರಿ 21, ಶುಕ್ರ

ಹನ್ನೆರಡು ತೂಕ. ಪಾರ್ಸಲ್ ಬೇಡ, ನಾವೇ ಹೋಗುವುದು. ಶಾರದ ಕಡಲನ್ನೇ ನೋಡಿಲ್ಲ. ಹೊಸ ಪಣಿಯಾರದ ಕಲ್ಲೂ ತಂದೆ, ಅದಕ್ಕೆ ಎಣ್ಣೆ ಹಚ್ಚಿ ಇಟ್ಟಿದ್ದಾಳೆ. ಮೊದಲ ಪಣಿಯಾರ ಮಗಳಿಗೆ, ಟಿಫನ್ ಬಾಕ್ಸಿನಲ್ಲಿ. ನನಗೆ ಎರಡು ಸಿಕ್ಕಿತು.

ಫೆಬ್ರವರಿ 23, ಭಾನುವಾರ. ನಾಗಪಟ್ಟಣ, ಬೆಳಿಗ್ಗೆ 6.40

ಮರಳ ಮೇಲೆ ಕೂತು ಬರೆಯುತ್ತಿದ್ದೇನೆ. ಹದಿನಾಲ್ಕು ಜನ ಸಾಲಾಗಿ, ಹದಿನಾಲ್ಕು ಕೋಲು. ಹೆಂಗಸು ಅಂದರೆ ರೋಜಾ ಒಬ್ಬಳೇ. ಬಲಗಡೆ ಆ ಮೀಸೆಯವನು. ಶಾರದ ಚಪ್ಪಲಿ ಕೈಯಲ್ಲಿ ಹಿಡಿದು ಪಾದ ಮುಳುಗುವಷ್ಟು ನೀರಿನಲ್ಲಿ ನಿಂತಿದ್ದಾಳೆ. "ಮೆಟ್ಟೂರು ಡ್ಯಾಮಿಗಿಂತ ದೊಡ್ದು" ಅಂದಳು. ನೋಡುತ್ತಲೇ ಇದ್ದಾಳೆ.

ಸೀಟಿ. ರೋಜಾ ಎಸೆದಳು. ತೂಕ ಹೊಳೆಯುತ್ತಾ ಹೋಗಿ ಬಿತ್ತು.

7.30

ಸೆಳೆತ ಜೋರು. ಎಲ್ಲರ ದಾರವೂ ಬಡಗಣಕ್ಕೆ ವಾಲಿದೆ. ರೋಜಾಳದು ಮಗ್ಗದ ಹಾಸಿನ ಎಳೆಯ ಹಾಗೆ ನೆಟ್ಟಗೆ. ಒಂದು ಸಲವೂ ಸಿಕ್ಕಾಗಿಲ್ಲ. ಮೀನು ಯಾರಿಗೆ ಬೇಕು. ದಾರ ನಿಲ್ಲಲಿ, ಅಷ್ಟೇ.

8.15

ಸಿಕ್ಕಾಯಿತು! ನಮ್ಮದಲ್ಲ. ಮೀಸೆಯವನ ತೂಕ ಜರುಗಿ ಬಂದು ರೋಜಾಳ ದಾರಕ್ಕೆ ಸುತ್ತಿಕೊಂಡಿತು. "ಸಾರಿಮ್ಮಾ" ಅಂತ ಎಳೆಯಲು ಹೋದ. "ಎಳೀಬೇಡಿ ಸಾರ್, ಸಡಿಲ ಬಿಡಿ" ಅಂದಳು ರೋಜಾ. ನಾನು ಹೇಳಿಕೊಟ್ಟದ್ದು, ಆರು ವರ್ಷದವಳಿದ್ದಾಗ. ಉಗುರಿನ ತುದಿಯಲ್ಲಿ ಎರಡು ಕಡೆ ತಟ್ಟಿದಳು, ಬಿಚ್ಚಿಕೊಂಡಿತು.

ಶಾರದ ನೀರಿನಿಂದಲೇ ಕೂಗಿದಳು. "ಪರವಾಯಿಲ್ಲೆ ಸಾರ್, ನೂಲು ಅಂದ್ಮೇಲೆ ಸಿಕ್ಕಾಗ್ತೈತೆ. ನೇಯೋರ ಮಗಳು ಬಿಡಿಸ್ತಾಳೆ!"

ಅವನಿಗೆ ನಮ್ಮ ಕನ್ನಡ ಎಷ್ಟು ತಿಳಿಯಿತೋ. ಮೀಸೆ ಸವರಿಕೊಂಡು ನಕ್ಕ. ಆಮೇಲೆ ರೋಜಾಳ ಬ್ಯಾಗಿನ ಮೇಲಿದ್ದ ಇನ್ನೊಂದು ತೂಕವನ್ನು ಕೈಯಲ್ಲಿ ತಿರುಗಿಸಿ ನೋಡಿ, ಯಾವ ಅಂಗಡಿ ಅಂತ ತಮಿಳಿನಲ್ಲಿ ಕೇಳಿದ.

"ಅಂಗಡೀಲಿ ಸಿಗಲ್ಲ ಸಾರ್," ಅಂದಳು ರೋಜಾ, ತಮಿಳಿನಲ್ಲೇ. "ನಮ್ಮ ತಾತನ ಮಗ್ಗದ್ದು."

8.50

ಇನ್ನು ಹತ್ತು ನಿಮಿಷ. ಕೋಲಿನ ತುದಿ ಅಲುಗಿತು. ಅಲೆ ಇರಬಹುದು. ಅಲ್ಲ— ಮತ್ತೆ. ರೋಜಾ ಎರಡೂ ಕೈಯಲ್ಲಿ ಹಿಂದಕ್ಕೆ ಜಗ್ಗಿದಳು. ಬಿಟ್ಟಿತು! ಕಾಲು ನೆಟ್ಟಗಾಗಿ ಮರಳು ಬಿಟ್ಟಿತು, ದಾರ ಬರುತ್ತಿದೆ, ತುದಿಯಲ್ಲಿ ಏನೋ ಭಾರ, ಕೋಲು ಬಿಲ್ಲಿನ ಹಾಗೆ. ಶಾರದ ಚಪ್ಪಲಿ ಬಿಸಾಡಿ ಓಡುತ್ತಿದ್ದಾಳೆ, ಒಂದು ಚಪ್ಪಲಿ ಅಲೆಯಲ್ಲಿ ಹೋಯಿತು. ಬೆಳ್ಳಗೆ ಹೊಳೆಯುತ್ತಿದೆ, ನಾನು ಉಜ್ಜಿದ ಸೀಸವೋ, ಮೀನೋ... ಎರಡು ಹೊಳಪು! ಒಂದು ಒದ್ದಾಡುತ್ತಿದೆ. "ಅಪ್ಪಾ, ಬರ್ದಿದ್ದು ಸಾಕು, ಪೆನ್ನು ಕೆಳಗಿಟ್ಟು ಬಾ, ಇಡ್ಕೋ ಬಾ—" ಇಟ್ಟೆ ಮಗಳೇ, ಇಟ್