ಮೇಡಂ ಕೈಯಲ್ಲಿ ಅವರೆಕಾಳು ಹಿತುಕಿಸಿದೆ, ಅವ್ವ

ಅವ್ವ,

ಅನಾಥಾಶ್ರಮದ ಅಡುಗೆಮನೆಯ ರಾಜಮ್ಮ ನೀನು, ಆದರೂ ನಾವು ಹುಡುಗಿಯರೆಲ್ಲ ನಿನ್ನನ್ನು ಅವ್ವ ಅಂತಲೇ ಕೂಗುತ್ತಿದ್ದದ್ದು. ನೀನು ಹೋಗಿ ಇಷ್ಟು ವರ್ಷವಾದರೂ ನನ್ನ ಬಾಯಿಗೆ ಬೇರೆ ಹೆಸರು ಬರುವುದಿಲ್ಲ. ಒಂದು ಸುದ್ದಿ ಇದೆ. ಕೇಳಿ ನೀನು ಬೈದರೂ ಬೈಯಿ. ನಮ್ಮ ಹಳೆಯ ಸೂಪರಿಂಟೆಂಡೆಂಟ್ ಮೇಡಂ ಸಿಕ್ಕಿದ್ದರು, ಅದೂ ನನ್ನ ಮನೆಯ ಹೊಸಿಲೊಳಗೆ.

ನೆನಪಿದೆಯಾ, ಆಶ್ರಮದಲ್ಲಿ ನಡೆಯುತ್ತಿದ್ದ ಊರವರ ಹುಟ್ಟುಹಬ್ಬಗಳು? ಯಾರದೋ ಮಗುವಿಗೆ ನಾವು ಒಂದೇ ಥಾನಿನ ಫ್ರಾಕು ತೊಟ್ಟು, ಸಾಲಾಗಿ ನಿಂತು, ಚಪ್ಪಾಳೆ ತಟ್ಟಿ ಹಾಡಬೇಕು. ಫೋಟೋ ಮುಗಿಯುವ ತನಕ ಎಲೆಗೆ ಕೈ ಹಾಕುವಂತಿಲ್ಲ, ಹೊಟ್ಟೆ ಚುರುಗುಟ್ಟಿದರೂ ಹಲ್ಲು ಬಿಡಬೇಕು. ನಮಗೋ, ಶಾಲೆಯಲ್ಲಿ ಎಲ್ಲರಿಗೂ ಒಂದೇ ಹುಟ್ಟಿದ ದಿನ ಬರೆಸಿದ್ದರು. ನಿನಗೆ ಮಾತ್ರ ಅದು ಸರಿ ಕಾಣಲಿಲ್ಲ. "ನಿಂಗೆ ಯಾವ ದಿನ ಬೇಕೋ ತಗೊ ಕಣಮ್ಮ. ಆವತ್ತು ಏನು ತಿನ್ಬೇಕೋ ಅದನ್ನೂ ಹೇಳ್ಬುಡು" ಅಂದೆ. ಒಬ್ಬಳು ಮಾವಿನಹಣ್ಣಿನ ಕಾಲದಲ್ಲಿ ಹುಟ್ಟಿದಳು, ಸೀಕರಣೆಗೋಸ್ಕರ. ನಾನು ಅವರೆಕಾಯಿ ಕಾಲದಲ್ಲಿ ಹುಟ್ಟಿದೆ.

ನನ್ನ ದಿನ ನೀನು ಸೊಗಡಿನ ಅವರೆಕಾಳು ನೆನೆಸಿ, ಒಂದೊಂದೇ ಹಿತುಕಿ ಸಿಪ್ಪೆ ತೆಗೆದು, ಪುಟ್ಟ ಪಾತ್ರೆಯಲ್ಲಿ ನನಗೊಬ್ಬಳಿಗೇ ಸಾರು ಮಾಡಿದ್ದೆ. ಅಷ್ಟರಲ್ಲಿ ಮೇಡಂ ಬಂದರು. "ಇಲ್ಲಿ ಯಾರೂ ಸ್ಪೆಷಲ್ ಅಲ್ಲ ರಾಜಮ್ಮ, ಎಲ್ಲರೂ ಒಂದೇ" ಎಂದವರೇ ಪಾತ್ರೆ ಎತ್ತಿ ಎಲ್ಲರ ಸಾಂಬಾರಿಗೆ ಸುರಿದುಬಿಟ್ಟರು. "ಒಂದ್ ಮಗೀನ ನಾಲ್ಗೆ ಇನ್ನೊಂದಕ್ಕೆ ಇರಲ್ಲ ಮೇಡಮ್ಮೋರೆ" ಅಂದೆಯಲ್ಲ, ಅಷ್ಟೇ ನಿನ್ನ ತಪ್ಪು. ಸಂಜೆಯೊಳಗೆ ನಿನ್ನ ಗಂಟುಮೂಟೆ ಗೇಟಿನಾಚೆ. ಅಳುತ್ತಾ ಓಡಿಬಂದ ನನ್ನ ರಟ್ಟೆ ಹಿಡಿದು ಮೇಡಂ ಹೇಳಿದರು: "ನಿನ್ನ ನಾಲಿಗೆ ಚಪಲಕ್ಕೆ ಅವಳ ಕೆಲಸ ಹೋಯ್ತು." ಎಂಟು ವರ್ಷದ ಹುಡುಗಿಗೆ ಹೇಳುವ ಮಾತಾ ಅದು?

ದೊಡ್ಡವಳಾಗಿ ಉದಯಗಿರಿಯಲ್ಲಿ ನಿನ್ನ ಬಾಡಿಗೆ ಕೋಣೆ ಹುಡುಕಿಕೊಂಡು ಬಂದೆ. ಪಕ್ಕದ ಮನೆಯವರು ನೀನು ತೀರಿಕೊಂಡು ವರ್ಷವಾಯಿತು ಅಂದರು. ಕೊನೆಕೊನೆಗೆ ಯಾರಾದರೂ ನಿನ್ನನ್ನು ಏನು ತಿನ್ನುತ್ತೀಯ ಅಂತ ಕೇಳಿದರೋ ಇಲ್ಲವೋ... ಆ ಬೀದಿಯಲ್ಲೇ ನಿಂತು ಒಂದು ಮಾತು ಆಡಿಕೊಂಡೆ, ಆ ಹೆಂಗಸನ್ನು ಸುಮ್ಮನೆ ಬಿಡುವುದಿಲ್ಲ ಅಂತ.

ಈಗ ದಟ್ಟಗಳ್ಳಿಯಲ್ಲಿ ನಮ್ಮಂಥ ಅನಾಥ ಮಕ್ಕಳ ಒಂದು ಮನೆ ನೋಡಿಕೊಳ್ಳುತ್ತಿದ್ದೇನೆ, ಅವ್ವ. ಕೆಲವೇ ಹುಡುಗಿಯರು. ಒಬ್ಬಳಿಗೆ ದೀಪ ಉರಿಯುತ್ತಿದ್ದರೇ ನಿದ್ದೆ, ಇನ್ನೊಬ್ಬಳ ಜಡೆ ನಾನು ಬಿಟ್ಟು ಬೇರೆ ಯಾರೂ ಮುಟ್ಟಬಾರದು. ಪ್ರತಿಯೊಬ್ಬಳಿಗೂ ಅವಳದೇ ದಿನ. ಮೊನ್ನೆ ಒಬ್ಬ ಗಂಡಸು ಫೋನ್ ಮಾಡಿ, ತಾಯಿಗೆ ಎಪ್ಪತ್ತೈದು ತುಂಬುತ್ತದೆ, ನಿಮ್ಮ ಮಕ್ಕಳ ಜೊತೆ ಆಚರಿಸಬೇಕಂತೆ ಅಂದ. ತಾಯಿಯ ಹೆಸರು ಕೇಳಿದರೆ ಅದೇ ನಮ್ಮ ಮೇಡಂ, ನನಗೆ ಮೈಯೆಲ್ಲ ಉರಿಯಿತು. ಅವನು ಹೇಳಿದ ದಿನ ನಮ್ಮ ಚೈತ್ರಾಳದು, ಅವಳು ಕೇಳಿದ್ದು ಹಿತುಕಿದ ಬೇಳೆ ಸಾರು. ಇದಕ್ಕಿಂತ ಬೇಕಾ? "ಖಂಡಿತ ಬನ್ನಿ" ಅಂದೆ, ಬೆಣ್ಣೆಯಂಥ ದನಿಯಲ್ಲಿ.

ಮೇಡಂ ರೇಷ್ಮೆ ಸೀರೆ ಉಟ್ಟು ಬಂದರು. ಫೋಟೋದವನನ್ನು ಗೇಟಿನಿಂದಲೇ ಕಳಿಸಿದೆ. ಮಗ ಮಂಡಕಳ್ಳಿಯಲ್ಲಿ ವಿಮಾನ ಹಿಡಿಯುವ ಅವಸರದಲ್ಲಿದ್ದ, ಅವರು ತಂದ ಕೇಕನ್ನು ಅವನ ಕಾರಿನಲ್ಲೇ ವಾಪಸು ಹಾಕಿಸಿದೆ. "ಇವತ್ತು ಇಲ್ಲಿ ಚೈತ್ರಾಳ ದಿನ ಮೇಡಂ. ಕೂತ್ಕೊಳ್ಳಿ" ಎಂದು ನೆನೆಸಿದ ಕಾಳಿನ ಬೋಗುಣಿ ಮಡಿಲಿಗೆ ಇಟ್ಟೆ. ಮಕ್ಕಳಿಗೆ ನಾನೇನೂ ಹೇಳಿರಲಿಲ್ಲ, ಅವರ ಹಬ್ಬಕ್ಕೆ ನನ್ನ ವಿಷ ಯಾಕೆ? ಮೇಡಂ ಹಿತುಕಿದರು. ಸಿಪ್ಪೆ ಸಿಡಿದು ಸೀರೆಯ ಮೇಲೆ ಬೀಳುತ್ತಿತ್ತು. ನನ್ನ ಹೊಟ್ಟೆ ತಣ್ಣಗಾಯಿತು ಕಣವ್ವ, ಸುಳ್ಳು ಯಾಕೆ ಹೇಳಲಿ.

"ಒಂದು ಮಗೂಗೆ ಇಷ್ಟೆಲ್ಲಾನಾ? ಮಿಕ್ಕವರಿಗೆ?" ಅಂದರು.

"ಮಿಕ್ಕವರಿಗೆ ಅವರವರ ದಿನ ಇದೆ. ಇದು ರಾಜಮ್ಮ ಹಾಕಿಕೊಟ್ಟ ಪದ್ಧತಿ."

"ಯಾವ ರಾಜಮ್ಮ?"

ಮರೆತಿದ್ದರು. ನಾನು ಇಷ್ಟು ವರ್ಷ ಹೊತ್ತದ್ದು ಅವರ ತಲೆಯಲ್ಲಿ ಒಂದು ಚೂರೂ ಇರಲಿಲ್ಲ. ಮರೆತವರ ಮೇಲೆ ಸೇಡು ತೀರಿಸಿಕೊಳ್ಳುವುದು ಹೇಗೆ, ನೀನೇ ಹೇಳು. ಅವತ್ತು ಸುರಿದ ಪಾತ್ರೆಯ ಕತೆ ಹೇಳಬೇಕೆಂದಿದ್ದೆ, ಪಕ್ಕದಲ್ಲೇ ಚೈತ್ರಾ ಕೂತಿದ್ದಳು, ಹಿತುಕಿದ ಬೇಳೆ ಎತ್ತಿಕೊಂಡು ಒಲೆಯ ಕಡೆ ನಡೆದೆ. ಊಟಕ್ಕೆ ಮೊದಲು ಮೇಡಂ ಮಕ್ಕಳ ಸಾಲಿನಲ್ಲಿ ನಿಂತು, ಚಪ್ಪಾಳೆ ತಟ್ಟಿ, ಚೈತ್ರಾಳಿಗೆ ಹಾಡಿದರು. ಅವಳು ಮೊದಲ ತುತ್ತು ತಿನ್ನುವ ತನಕ ಕಾದರು. ಆದರೂ ನನಗೆ ಸಾಕಾಗಿರಲಿಲ್ಲ.

ಹೊರಡುವಾಗ ಆಟೋದವನಿಗೆ ಫೋನ್ ಮಾಡಿದರು. ಅವನಿಗೆ ದಾರಿ ತಿಳಿಯದು, ನಮ್ಮ ಬಡಾವಣೆಯ ಕ್ರಾಸುಗಳು ಯಾರಿಗೆ ಬೇಗ ತಿಳಿಯುತ್ತವೆ? "ಈ ಮನೆಗೆ ಏನಂತಾರೆ?" ಅಂತ ನನ್ನನ್ನು ಕೇಳಿದರು. ನಾನು ಗೇಟಿನ ಫಲಕ ತೋರಿಸಿದೆ. ಕನ್ನಡಕ ಏರಿಸಿ ಓದಿದರು, ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ, ಫೋನಿನಲ್ಲಿ ಅವನಿಗೆ ಸರಿಯಾಗಿ ಕೇಳಿಸದೆ, ಬೀದಿಗೆಲ್ಲ ಕೇಳುವಂತೆ ಕೂಗಿದರು, ಅವ್ವ:

"ರಾಜಮ್ಮನ ಮನೆ ಕಣಪ್ಪಾ! ಯಾರನ್ನ ಬೇಕಾದ್ರೂ ಕೇಳು, ರಾಜಮ್ಮನ ಮನೆ!"

ನಿನ್ನ
ಮಂಜಿ